ಫೋರಮ್ಮಿನಲ್ಲಿ ನಿಂತು ಕೇಳಿದವರು

ಕ್ರಿ.ಪೂ. 90ರಲ್ಲಿ ರೋಮಿನ ಫೋರಂ ಎಂಬ ಸಾರ್ವಜನಿಕ ಬಯಲಿನಲ್ಲಿ ಗಾಯಸ್ ಕಾರ್ಬೊ ಎಂಬ ಟ್ರಿಬ್ಯೂನ್ (ಸಾಮಾನ್ಯ ಜನರ ಪ್ರತಿನಿಧಿಯಾದ ಅಧಿಕಾರಿ) ಜನರನ್ನು ಸೇರಿಸಿ ಒಂದು ಭಾಷಣ ಮಾಡಿದ. ಹಿಂದಿನ ವರ್ಷ ಕೊಲೆಯಾಗಿದ್ದ ಡ್ರೂಸಸ್ ಎಂಬ ರಾಜಕಾರಣಿಯನ್ನು ಖಂಡಿಸುವುದು ಅವನ ಉದ್ದೇಶವಾಗಿತ್ತು. ಆದರೆ ಅವನು ಡ್ರೂಸಸ್‌ನನ್ನು ನೇರವಾಗಿ ಜರೆಯದೆ, ಎಷ್ಟೋ ಹಿಂದೆ ತೀರಿಹೋಗಿದ್ದ ಅವನ ತಂದೆಯನ್ನೇ ಕರೆದು ಮಾತನಾಡಿಸಿದ. ರಾಜ್ಯವೆಂಬುದು ಪವಿತ್ರವಾದದ್ದು, ಅದಕ್ಕೆ ಕೈಯಿಟ್ಟವರೆಲ್ಲರೂ ದಂಡ ತೆತ್ತಿದ್ದಾರೆ ಎಂದು ನೀನು ಹೇಳುತ್ತಿದ್ದೆಯಲ್ಲವೇ ಎಂದು ಆ ತಂದೆಗೆ ನೆನಪಿಸಿ, ತಂದೆಯ ವಿವೇಕದ ನುಡಿಯನ್ನು ಮಗನ ದುಡುಕು ದಿಟವಾಗಿಸಿತು ಎಂದು ಮುಗಿಸಿದ. ಆ ವಾಕ್ಯದ ಕೊನೆಯ ಪದ ಬಾಯಿಂದ ಬಿದ್ದದ್ದೇ ತಡ, ನೆರೆದಿದ್ದ ಜನರು ಬೆರಗಾಗುವಷ್ಟು ಜೋರಾಗಿ ಕೂಗಿದರು. ಆ ಗುಂಪಿನಲ್ಲಿ ಅರ್ಪಿನಮ್ ಎಂಬ ಊರಿನಿಂದ ಬಂದಿದ್ದ 16 ವರ್ಷದ ಹುಡುಗನೊಬ್ಬ ನಿಂತಿದ್ದ. ಅವನೇ ಮುಂದೆ ರೋಮಿನ ಮಹಾವಾಗ್ಮಿಯಾದ ಮಾರ್ಕಸ್ ಟುಲಿಯಸ್ ಸಿಸೆರೊ.

ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಕ್ರಿ.ಪೂ. 46ರಲ್ಲಿ ಬರೆದ ‘ಒರಾಟೊರ್’ ಎಂಬ ಪುಸ್ತಕದಲ್ಲಿ ಸಿಸೆರೊ ಆ ಕೂಗನ್ನು ನೆನಪಿಸಿಕೊಂಡು, ಅದಕ್ಕೆ ಕಾರಣವೇನೆಂದು ವಿಚಾರಿಸುತ್ತಾನೆ. ವಾಕ್ಯದ ಕೊನೆಯಲ್ಲಿದ್ದ ‘ಕೊಂಪ್ರೊಬಾವಿತ್’ ಎಂಬ ಕ್ರಿಯಾಪದಕ್ಕೆ ಗುರು-ಲಘು, ಗುರು-ಲಘು ಎಂಬ ನಡೆಯಿತ್ತು; ಕೊನೆಯ ಅಕ್ಷರ ಗುರುವಾದರೂ ಲ್ಯಾಟಿನ್ ಕಿವಿಗೆ ಅಲ್ಲಿ ಬಾಧಕವಿಲ್ಲ. ಜನರನ್ನು ಕೂಗಿಸಿದ್ದು ಆ ಲಯ ಎಂಬುದು ಅವನ ತೀರ್ಮಾನ. ಅದನ್ನು ತೋರಿಸಲು ಅವನು ಅವವೇ ಪದಗಳ ಕ್ರಮವನ್ನು ಬದಲಿಸಿ, ಕ್ರಿಯಾಪದವನ್ನು ಮುಂದಕ್ಕೆ ತಂದು, ಈಗ ಏನೂ ಉಳಿಯಲಿಲ್ಲ ನೋಡಿ ಎನ್ನುತ್ತಾನೆ. ಅರ್ಥ ಹಾಗೆಯೇ ಇದೆ, ಒಂದು ಪದವೂ ಕಳೆದಿಲ್ಲ, ಆದರೂ ಕೂಗುವಂಥದ್ದೇನೂ ಅದರಲ್ಲಿ ಇಲ್ಲ. ರಂಗಮಂದಿರದಲ್ಲಿ ನಟನೊಬ್ಬ ಪದ್ಯದ ಒಂದು ಅಕ್ಷರವನ್ನು ಬೇಕಾದುದಕ್ಕಿಂತ ಗಿಡ್ಡವಾಗಿಯೋ ಉದ್ದವಾಗಿಯೋ ಉಚ್ಚರಿಸಿದರೆ ಇಡೀ ಸಭೆ ಗದ್ದಲವೆಬ್ಬಿಸುತ್ತದೆ ಎಂದು ಅದೇ ಪುಸ್ತಕದ ಇನ್ನೊಂದೆಡೆ ಬರೆಯುತ್ತಾನೆ. ಆ ಪ್ರೇಕ್ಷಕರಿಗೆ ಛಂದಸ್ಸಿನ ಗಣಗಳ ಹೆಸರು ಗೊತ್ತಿರಲಿಲ್ಲ. ತಪ್ಪು ಎಲ್ಲಿ ಆಯಿತೆಂದು ಕಿವಿ ಹೇಳುತ್ತಿತ್ತು.

ರೋಮಿನ ವಾಗ್ಮಿತೆಯ ಕುರಿತು ಓದುವಾಗಲೆಲ್ಲ ನಾನು ಈ ಪ್ರಸಂಗಕ್ಕೆ ಮರಳುತ್ತೇನೆ. ಸಾಮಾನ್ಯವಾಗಿ ಆ ಕಲೆಯ ಚರಿತ್ರೆಯನ್ನು ಮಾತನಾಡಿದವರ ಚರಿತ್ರೆಯಾಗಿ ಹೇಳಲಾಗುತ್ತದೆ: ಕೇಟೊ, ಗ್ರಾಕಸ್ ಸೋದರರು, ಕ್ರಾಸಸ್, ಆಂಟೋನಿಯಸ್, ಹೊರ್ಟೆನ್ಸಿಯಸ್, ಸಿಸೆರೊ. ಆದರೆ ಈ ಕಲೆಯನ್ನು ರೂಪಿಸಿದವರಲ್ಲಿ, ವೇದಿಕೆಯ ಕೆಳಗೆ ಬಿಸಿಲಿನಲ್ಲಿ ನಿಂತು ಕೇಳಿದ ಹೆಸರಿಲ್ಲದ ಜನರ ಪಾಲು ಅವರೆಲ್ಲರ ಪಾಲಿಗಿಂತ ಕಡಿಮೆಯೇನಲ್ಲ ಎಂದು ನನಗೆ ದೃಢವಾಗಿ ಅನ್ನಿಸಿದೆ. ಆ ಜನರು ಇದ್ದಷ್ಟು ಕಾಲ ಕಲೆ ಬೆಳೆಯಿತು. ಅವರನ್ನು ಕೇಳುಗರ ಸ್ಥಾನದಿಂದ ಸರಿಸಿದ ಮೇಲೆ, ಪಾಠಶಾಲೆಗಳು ತುಂಬಿದ್ದರೂ ಕಲೆ ಸೊರಗಿತು.

ಕ್ರಿ.ಪೂ. 338ರಲ್ಲಿ ಆಂಟಿಯಮ್ ಪಟ್ಟಣವನ್ನು ಸೋಲಿಸಿದ ರೋಮನ್ನರು ಅಲ್ಲಿ ಹಿಡಿದ ಯುದ್ಧನೌಕೆಗಳ ಮೂತಿಗಳನ್ನು ಕಿತ್ತು ತಂದು ಫೋರಮ್ಮಿನ ಭಾಷಣ ವೇದಿಕೆಗೆ ಜಡಿದರು. ಆ ಮೂತಿಗಳಿಂದಲೇ ವೇದಿಕೆಗೆ ರೋಸ್ಟ್ರ ಎಂಬ ಹೆಸರು ಬಂತು. ಅದನ್ನು ಯಾರು ಬೇಕಾದರೂ ಹತ್ತುವಂತಿರಲಿಲ್ಲ. ‘ಕೊಂಟಿಯೊ’ ಎಂಬ ಜನಸಭೆಯನ್ನು ಅಧಿಕಾರದಲ್ಲಿರುವ ಕಾನ್ಸಲ್ (ವರ್ಷಕ್ಕೊಮ್ಮೆ ಆಯ್ಕೆಯಾಗುವ ಅತ್ಯುನ್ನತ ಅಧಿಕಾರಿ), ಪ್ರೀಟರ್ (ನ್ಯಾಯಾಧಿಕಾರಿ), ಟ್ರಿಬ್ಯೂನ್ ಮುಂತಾದವರು ಮಾತ್ರ ಕರೆಯಬಹುದಿತ್ತು. ಅಲ್ಲಿ ಮಾತನಾಡಲು ಸಭೆ ಕರೆದವನ ಅನುಮತಿ ಬೇಕಿತ್ತು. ಅಥೆನ್ಸಿನಲ್ಲಿ ಸಭೆಯ ಘೋಷಕ ಯಾರು ಮಾತನಾಡಬಯಸುತ್ತೀರಿ ಎಂದು ಕೇಳುತ್ತಿದ್ದ. ರೋಮಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಜನಸಭೆಯಲ್ಲಿ ಮತದಾನವೂ ನಡೆಯುತ್ತಿರಲಿಲ್ಲ. ಮಸೂದೆಯನ್ನು ಪ್ರಕಟಿಸಿ, ಮೂರು ಸಂತೆಗಳ ಅವಧಿ ಕಳೆದ ಮೇಲೆ ಬೇರೊಂದು ಕ್ರಮದ ಸಭೆಯಲ್ಲಿ ಮತ ಹಾಕಬೇಕಿತ್ತು. ಹೀಗಾಗಿ ಸಾಮಾನ್ಯ ರೋಮನ್ ಪ್ರಜೆಗೆ ಫೋರಮ್ಮಿನಲ್ಲಿ ಉಳಿದಿದ್ದದ್ದು ಕೇಳುವುದು, ಕೂಗುವುದು, ಗೊಣಗುವುದು, ಎದ್ದುಹೋಗುವುದು ಇಷ್ಟೇ. ಇಷ್ಟು ಕಡಿಮೆ ಹಕ್ಕಿನಿಂದ ಅವರು ಎಷ್ಟೊಂದನ್ನು ಸಾಧಿಸಿದರು ಎಂಬುದು ನನ್ನಲ್ಲಿ ಗೌರವ ಹುಟ್ಟಿಸುತ್ತದೆ. ಕ್ರಿ.ಪೂ. 139ರಿಂದ ಹಂತಹಂತವಾಗಿ ಗುಪ್ತಮತದಾನ ಬಂದ ಮೇಲಂತೂ ಒಡೆಯನ ಕಣ್ಣಿಗೆ ಹೆದರಿ ಮತ ಹಾಕುವ ಕಾಲ ಹಿಂದೆ ಸರಿಯಿತು. ಶ್ರೀಮಂತ ಮನೆತನದವನೂ ಬಂದು ಕಿವಿಗಳನ್ನು ಒಲಿಸಿಕೊಳ್ಳಬೇಕಾಯಿತು.

ಕೇಳುಗರತ್ತ ತಿರುಗುವುದು ಎಂಬುದು ರೋಮಿನಲ್ಲಿ ಅಕ್ಷರಶಃ ನಡೆದ ಘಟನೆ. ಮೊದಲು ಭಾಷಣಕಾರರು ಸೆನೆಟ್ ಎಂಬ ಹಿರಿಯರ ಸಭೆಯ ಭವನದ ಕಡೆಗೆ, ಅದರ ಮುಂದಿನ ಕಿರಿದಾದ ಸಭಾಂಗಣದ ಕಡೆಗೆ ಮುಖ ಮಾಡಿ ಮಾತನಾಡುತ್ತಿದ್ದರು. ಅವರಲ್ಲೊಬ್ಬ ಬೆನ್ನು ತಿರುಗಿಸಿ ವಿಶಾಲವಾದ ಫೋರಮ್ಮಿನ ಕಡೆಗೆ, ಅಲ್ಲಿ ನಿಂತ ಜನರ ಕಡೆಗೆ ನೋಡಿ ಮಾತನಾಡಿದ. ಹಾಗೆ ಮೊದಲು ಮಾಡಿದವನು ಕ್ರಿ.ಪೂ. 145ರ ಟ್ರಿಬ್ಯೂನ್ ಲಿಸಿನಿಯಸ್ ಕ್ರಾಸಸ್ ಎಂದು ಸಿಸೆರೊ ಬರೆದರೆ, ಗಾಯಸ್ ಗ್ರಾಕಸ್ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಆ ಒಂದು ಸಣ್ಣ ತಿರುವಿನಿಂದ ರಾಜ್ಯದ ಸ್ವರೂಪವೇ ಜನರ ಕಡೆಗೆ ವಾಲಿತು ಎಂದೂ ಪ್ಲುಟಾರ್ಕ್ ಸೇರಿಸುತ್ತಾನೆ.

ಗಾಯಸ್ ಗ್ರಾಕಸ್‌ನ ಭಾಷಣಗಳು ಚೂರುಚೂರಾಗಿ ಮಾತ್ರ ಉಳಿದಿವೆ. ವೇದಿಕೆಯ ಮೇಲೆ ಅತ್ತಿತ್ತ ನಡೆದಾಡುತ್ತ, ಮಾತಿನ ಬಿಸಿಯಲ್ಲಿ ಹೆಗಲ ಮೇಲಿನ ಟೋಗ ಎಂಬ ಹೊದಿಕೆಯನ್ನು ಕೆಳಗೆಳೆಯುತ್ತಿದ್ದ ಅವನಿಗೆ ಸ್ವರ ಕೈಮೀರಿ ಏರುತ್ತದೆಂಬ ಅರಿವಿತ್ತು. ಆದ್ದರಿಂದ ಭಾಷಣದ ಹೊತ್ತಿನಲ್ಲಿ ಒಬ್ಬ ಸೇವಕ ದಂತದ ಸಣ್ಣ ಕೊಳಲು ಹಿಡಿದು ಹಿಂದೆ ನಿಂತಿರುತ್ತಿದ್ದ. ಸ್ವರ ಕರ್ಕಶವಾದರೆ ಮೃದುವಾದ ನಾದ ನುಡಿಸಿ ಎಚ್ಚರಿಸುತ್ತಿದ್ದ, ತೀರ ಇಳಿದರೆ ಏರಿಸುತ್ತಿದ್ದ. ಬಡವರಿಗೆ ಭೂಮಿ ಹಂಚುವ ಕಾನೂನು ತಂದ ಅಣ್ಣ ಟೈಬೀರಿಯಸ್ ಕ್ರಿ.ಪೂ. 133ರಲ್ಲಿ ಕ್ಯಾಪಿಟಲ್ ಗುಡ್ಡದ ಮೇಲೆ ಹತನಾಗಿದ್ದ. ತಮ್ಮನೂ ಅದೇ ದಾರಿ ಹಿಡಿದು ಕೊನೆಗಾಲಕ್ಕೆ ಬಂದಾಗ ಆಡಿದ ಮಾತನ್ನು ಸಿಸೆರೊ ಉಳಿಸಿಕೊಟ್ಟಿದ್ದಾನೆ: ದುರ್ದೈವಿಯಾದ ನಾನು ಎಲ್ಲಿಗೆ ಹೋಗಲಿ, ಕ್ಯಾಪಿಟಲ್‌ಗೆ ಹೋಗೋಣವೆಂದರೆ ಅದು ನನ್ನ ಅಣ್ಣನ ರಕ್ತದಲ್ಲಿ ನೆನೆದಿದೆ, ಮನೆಗೆ ಹೋಗೋಣವೆಂದರೆ ಅಳುತ್ತ ಬಿದ್ದಿರುವ ತಾಯಿಯನ್ನು ನೋಡಬೇಕೇ. ಕಣ್ಣು, ಸ್ವರ, ಅಂಗಚಲನೆಗಳಿಂದ ಅವನು ಇದನ್ನು ಎಂಥ ರೀತಿಯಲ್ಲಿ ಹೇಳಿದನೆಂದರೆ ಶತ್ರುಗಳಿಗೂ ಕಣ್ಣೀರು ತಡೆಯಲಾಗಲಿಲ್ಲವಂತೆ. ಕ್ರಿ.ಪೂ. 121ರಲ್ಲಿ ಅವನೂ ಸತ್ತ.

ಇಂಥ ಮಾತನ್ನು ಕಲಿಸುವ ಶಾಲೆಗಳನ್ನು ರೋಮಿನ ಹಿರಿಯರು ಬಹುಕಾಲ ನಂಬಲಿಲ್ಲ. ಕ್ರಿ.ಪೂ. 161ರಲ್ಲಿ ಸೆನೆಟ್ ಗ್ರೀಕ್ ಭಾಷಣ ಗುರುಗಳನ್ನೂ ತತ್ತ್ವಜ್ಞಾನಿಗಳನ್ನೂ ನಗರದಿಂದ ಹೊರಹಾಕುವ ನಿರ್ಣಯ ಮಾಡಿತು, ಕ್ರಿ.ಪೂ. 92ರಲ್ಲಿ ಜನಗಣತಿಯನ್ನೂ ಸಾರ್ವಜನಿಕ ನಡತೆಯನ್ನೂ ನೋಡಿಕೊಳ್ಳುವ ಸೆನ್ಸಾರ್‌ಗಳು ಲ್ಯಾಟಿನ್‌ನಲ್ಲಿ ಭಾಷಣಕಲೆ ಕಲಿಸುವ ಶಾಲೆಗಳ ವಿರುದ್ಧ ಆಜ್ಞೆ ಹೊರಡಿಸಿದರು. ಆ ಸೆನ್ಸಾರ್‌ಗಳಲ್ಲಿ ಒಬ್ಬ ಆ ಕಾಲದ ಅತ್ಯುತ್ತಮ ವಾಗ್ಮಿ ಲೂಸಿಯಸ್ ಕ್ರಾಸಸ್. ಗ್ರೀಕ್ ಗುರುಗಳಿಗೆ ಹಣ ಕೊಟ್ಟು ಕಲಿಯಲಾಗದವರ ಮಕ್ಕಳೂ ರೋಸ್ಟ್ರ ಹತ್ತಿಬಿಟ್ಟಾರು ಎಂಬ ಭಯ ಈ ಆಜ್ಞೆಯ ಹಿಂದೆ ಇತ್ತೆಂದು ನಾನು ಓದುತ್ತೇನೆ. ಒಳ್ಳೆಯ ಮನೆತನದ ತರುಣರಿಗೆ ಬೇರೆ ದಾರಿಯಿತ್ತು: ಪ್ರೌಢ ವಯಸ್ಸಿನ ಟೋಗ ತೊಟ್ಟ ಮೇಲೆ ತಂದೆ ಅವನನ್ನು ಹೆಸರಾಂತ ವಾಗ್ಮಿಯೊಬ್ಬನ ಬಳಿ ಬಿಡುತ್ತಿದ್ದ, ಅವನು ಆ ಹಿರಿಯನ ಬೆನ್ನ ಹಿಂದೆ ನ್ಯಾಯಾಲಯ, ಜನಸಭೆಗಳನ್ನು ಸುತ್ತುತ್ತಿದ್ದ. ಕಾರ್ಬೊ ಮತ್ತು ಅವನ ಜೊತೆಯವರು ರೋಸ್ಟ್ರದ ಮೇಲೆಯೇ ವಾಸವಾಗಿದ್ದರು, ಅವರನ್ನು ದಿನವೂ ಕೇಳುತ್ತಿದ್ದೆ ಎಂದು ಸಿಸೆರೊ ‘ಬ್ರೂಟಸ್’ ಎಂಬ ಗ್ರಂಥದಲ್ಲಿ ನೆನೆಯುತ್ತಾನೆ. ಮಾತು ಕಲಿಯುವವನು ಮೊದಲು ಗುಂಪಿನಲ್ಲಿ ನಿಂತ ಕೇಳುಗನಾಗಿದ್ದ.

ನ್ಯಾಯಾಲಯಗಳೂ ಬಯಲಿನಲ್ಲಿಯೇ ನಡೆಯುತ್ತಿದ್ದವು. ತೀರ್ಪುಗಾರರ ಬೆಂಚುಗಳ ಸುತ್ತ ವೃತ್ತಾಕಾರವಾಗಿ ನಿಂತ ಜನರ ಗುಂಪಿಗೆ ‘ಕೊರೋನ’ ಎನ್ನುತ್ತಿದ್ದರು. ‘ಬ್ರೂಟಸ್’ ಗ್ರಂಥದಲ್ಲಿ ಸಿಸೆರೊ ತನ್ನ ಆಸೆಯೊಂದನ್ನು ಬಿಚ್ಚಿಡುತ್ತಾನೆ. ವಾಗ್ಮಿ ಮಾತನಾಡುತ್ತಾನೆಂಬ ಸುದ್ದಿ ಹಬ್ಬುತ್ತಿದ್ದಂತೆ ಬೆಂಚುಗಳಲ್ಲಿ ಜಾಗವಿಲ್ಲದಂತಾಗಬೇಕು, ಗುಮಾಸ್ತರು ತಮ್ಮ ಸ್ಥಳವನ್ನು ಬಂದವರಿಗೆ ಬಿಟ್ಟುಕೊಡಬೇಕು, ಕೊರೋನ ದಟ್ಟವಾಗಬೇಕು, ತೀರ್ಪುಗಾರ ನೆಟ್ಟಗೆ ಕುಳಿತಿರಬೇಕು. ಅವನು ಏಳುತ್ತಲೇ ಸುತ್ತ ನಿಂತವರೇ ಸದ್ದು ಮಾಡಬೇಡಿರೆಂದು ಸನ್ನೆ ಮಾಡಬೇಕು. ಆಮೇಲೆ ಅವನು ಬಯಸಿದಾಗ ನಗು, ಬಯಸಿದಾಗ ಅಳು. ಆ ದಾರಿಯಲ್ಲಿ ಹೋಗುತ್ತಿರುವವನಿಗೆ ಮೊಕದ್ದಮೆ ಏನೆಂದು ತಿಳಿಯದಿದ್ದರೂ, ಒಬ್ಬ ದೊಡ್ಡ ನಟ ರಂಗದ ಮೇಲಿದ್ದಾನೆಂಬುದು ದೂರದಿಂದಲೇ ತಿಳಿಯಬೇಕು. ಈ ಇಡೀ ವರ್ಣನೆಯಲ್ಲಿ ವಾಗ್ಮಿ ಏನು ಹೇಳಿದ ಎಂಬುದರ ಉಲ್ಲೇಖವೇ ಇಲ್ಲ. ವಾಗ್ಮಿಯ ಯೋಗ್ಯತೆಯನ್ನು ಕೇಳುಗರ ಮುಖಗಳಲ್ಲಿ ಓದಬೇಕು ಎಂಬ ನಂಬಿಕೆ ಅವನಲ್ಲಿ ಅಷ್ಟು ಆಳವಾಗಿತ್ತು. ಜನರು ಮೆಚ್ಚಿದ ವಾಗ್ಮಿಯನ್ನು ವಿದ್ವಾಂಸರೂ ಮೆಚ್ಚಲೇಬೇಕು, ಈ ಎರಡು ತೀರ್ಪುಗಳ ನಡುವೆ ಭೇದವಿರಲು ಸಾಧ್ಯವಿಲ್ಲ ಎಂದು ಅವನು ಅದೇ ಗ್ರಂಥದಲ್ಲಿ ವಾದಿಸುತ್ತಾನೆ.

ಹಾಗೆಂದು ಕೇಳುಗರನ್ನು ಆರಾಧಿಸಲು ನನಗೆ ಮನಸ್ಸಿಲ್ಲ. ಕೇಳುವ ಕಿವಿಯನ್ನು ಬಲ್ಲವನು ಅದನ್ನು ವಂಚಿಸಲೂ ಬಲ್ಲ. ಕ್ರಿ.ಪೂ. 63ರಲ್ಲಿ ಸಿಸೆರೊ ಕಾನ್ಸಲ್ ಆದ ಹೊಸದರಲ್ಲಿ, ರುಲಸ್ ಎಂಬ ಟ್ರಿಬ್ಯೂನ್ ಬಡವರಿಗೆ ಭೂಮಿ ಹಂಚುವ ಮಸೂದೆ ತಂದಿದ್ದ. ಸಿಸೆರೊ ಜನಸಭೆಯಲ್ಲಿ ನಿಂತು, ಗ್ರಾಕಸ್ ಸೋದರರು ಜನರನ್ನು ಪ್ರೀತಿಸಿದ ಮಹಾನುಭಾವರು ಎಂದು ಹೊಗಳಿ, ತಾನೂ ಜನರ ಕಾನ್ಸಲ್ ಎಂದು ಹೇಳಿಕೊಂಡು, ಈ ಮಸೂದೆ ಮಾತ್ರ ಹತ್ತು ಜನರನ್ನು ಅರಸರನ್ನಾಗಿ ಮಾಡುವ ಸಂಚು ಎಂದು ವಾದಿಸಿದ. ನಿಮಗೆ ಈ ನಗರವಿದೆ, ಮತವಿದೆ, ಫೋರಂ ಇದೆ, ಆಟ ಉತ್ಸವಗಳಿವೆ. ಇವನ್ನೆಲ್ಲ ಬಿಟ್ಟು ಸಿಪೊಂಟಮ್‌ನ ಒಣನೆಲಕ್ಕೋ ಸಲಾಪಿಯದ ರೋಗ ಹಿಡಿದ ಜೌಗಿಗೋ ಹೋಗಿ ನೆಲೆಸುತ್ತೀರಾ ಎಂದು ಕೇಳಿದ. ಮಸೂದೆ ಕಾನೂನಾಗಲಿಲ್ಲ. ನೀನು ಮಾತನಾಡಿದಾಗ ಜನರು ಭೂಮಿಯ ಕಾನೂನನ್ನು, ಅಂದರೆ ತಮ್ಮ ಅನ್ನವನ್ನೇ, ಬಿಟ್ಟುಕೊಟ್ಟರು ಎಂದು ಮುಂದಿನ ಶತಮಾನದ ಹಿರಿಯ ಪ್ಲಿನಿ ಇದನ್ನು ಸಿಸೆರೊನ ಮಹಾಸಾಧನೆಯಾಗಿ ಕೊಂಡಾಡಿದ. ನನಗೆ ಆ ಹೊಗಳಿಕೆಯನ್ನು ಓದುವಾಗ ಸಂಕಟವಾಗುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ದಂಗೆಯ ಸಂಚು ಹೂಡಿದ್ದ ಕ್ಯಾಟಿಲಿನ್‌ನ ವಿರುದ್ಧ ಸೆನೆಟ್ಟಿನಲ್ಲಿ ಮಾತನಾಡುತ್ತ ಸಿಸೆರೊ ಗ್ರಾಕಸ್ ಸೋದರರ ಕೊಲೆಯನ್ನು ಮಾದರಿಯಾಗಿ ತೋರಿಸಿದ. ಎರಡೂ ಮಾತುಗಳು ಒಂದೇ ಬಾಯಿಂದ, ಒಂದೇ ವರ್ಷದಲ್ಲಿ, ಎರಡು ಬಗೆಯ ಕಿವಿಗಳಿಗಾಗಿ ಬಂದವು. ಕೇಳುಗರು ಭಾಷಣವನ್ನು ರೂಪಿಸುತ್ತಾರೆ ಎನ್ನುವಾಗ ಅದರ ಸುಳ್ಳನ್ನೂ ಅವರ ಅಳತೆಗೇ ಹೊಲಿಯಲಾಗುತ್ತದೆ ಎಂಬುದನ್ನು ಮರೆಯಬಾರದು.

ಹನ್ನೊಂದು ವರ್ಷಗಳ ನಂತರ ಇದೇ ಸಿಸೆರೊ ಕೇಳುಗರ ಮುಂದೆ ಕುಸಿದ. ಕ್ರಿ.ಪೂ. 52ರಲ್ಲಿ ರಾಜಕಾರಣಿ ಕ್ಲೋಡಿಯಸ್‌ನನ್ನು ಕೊಂದ ಆರೋಪ ಹೊತ್ತ ಮೈಲೊನ ಪರವಾಗಿ ಅವನು ವಾದಿಸಬೇಕಿತ್ತು. ಆ ವರ್ಷದ ಕಾನೂನಿನಂತೆ ಆರೋಪಿಸುವವರಿಗೆ ಎರಡು ಗಂಟೆ, ಸಮರ್ಥಿಸುವವರಿಗೆ ಮೂರು ಗಂಟೆ ಎಂದು ಕಾಲ ಗೊತ್ತುಪಡಿಸಲಾಗಿತ್ತು. ಕಾನ್ಸಲ್ ಪಾಂಪೆಯ ಸೈನಿಕರು ಫೋರಮ್ಮಿನ ಸುತ್ತ ಕಾವಲು ನಿಂತಿದ್ದರು, ಕ್ಲೋಡಿಯಸ್‌ನ ಕಡೆಯವರು ಅರಚುತ್ತಿದ್ದರು. ಸಿಸೆರೊ ಎಂದಿನ ಸ್ಥೈರ್ಯದಿಂದ ಮಾತನಾಡಲಿಲ್ಲ. 38 ತೀರ್ಪುಗಾರರು ಮೈಲೊನ ವಿರುದ್ಧ, 13 ಜನ ಅವನ ಪರ ಮತ ಹಾಕಿದರು. ಸಿಸೆರೊ ಆಮೇಲೆ ಮನೆಯಲ್ಲಿ ಕುಳಿತು ಬರೆದ ಭಾಷಣ ಅವನ ಅತ್ಯುತ್ತಮ ಕೃತಿಗಳಲ್ಲಿ ಒಂದು. ಅದರ ಪ್ರತಿ ಗಡೀಪಾರಾದ ಮೈಲೊನ ಕೈಸೇರಿದಾಗ, ಇದನ್ನು ಅಂದು ಹೇಳಿದ್ದರೆ ನಾನಿಲ್ಲಿ ಮಸಾಲಿಯದ (ಇಂದಿನ ಮಾರ್ಸೇ ಪಟ್ಟಣದ) ಇಷ್ಟು ರುಚಿಯಾದ ಮೀನು ತಿನ್ನುತ್ತಿರಲಿಲ್ಲ ಎಂದನೆಂಬ ಕತೆಯನ್ನು ಡಿಯೊ ಎಂಬ ಇತಿಹಾಸಕಾರ ಹೇಳುತ್ತಾನೆ. ನಾವು ಇಂದು ಸಿಸೆರೊನ ಭಾಷಣಗಳೆಂದು ಓದುವುದು ಹೀಗೆ ಅನೇಕ ಕಡೆ, ಶಾಂತವಾದ ಕೋಣೆಯಲ್ಲಿ ತಿದ್ದಿದ ಮಾತು.

ಕ್ರಿ.ಪೂ. 43ರ ಡಿಸೆಂಬರ್ 7ರಂದು ಆಗ ರೋಮಿನ ಅಧಿಕಾರ ಹಿಡಿದಿದ್ದ ಮೂವರಲ್ಲಿ ಒಬ್ಬನಾದ ಮಾರ್ಕ್ ಆಂಟೊನಿಯ ಕಡೆಯವರು ಸಿಸೆರೊನನ್ನು ಕೊಂದರು. ಅವನ ತಲೆಯನ್ನೂ, ಆಂಟೊನಿಯ ವಿರುದ್ಧ ‘ಫಿಲಿಪಿಕ್’ ಭಾಷಣಗಳನ್ನು ಬರೆದ ಕೈಯನ್ನೂ ರೋಸ್ಟ್ರದ ಮೇಲೆ ಪ್ರದರ್ಶನಕ್ಕಿಟ್ಟರು. ಆ ವೇದಿಕೆಗೆ ಇದು ಹೊಸದಾಗಿರಲಿಲ್ಲ, ಕ್ರಿ.ಪೂ. 87ರಲ್ಲಿ ಸೇನಾನಿ ಮಾರಿಯಸ್‌ನ ಕಡೆಯವರು ಇನ್ನೊಬ್ಬ ಮಹಾವಾಗ್ಮಿ ಮಾರ್ಕಸ್ ಆಂಟೋನಿಯಸ್‌ನನ್ನು ಕೊಂದು ಅವನ ತಲೆಯನ್ನು ಅಲ್ಲಿಯೇ ಇಟ್ಟಿದ್ದರು. ಅವನನ್ನು ಕೊಲ್ಲಲು ಮನೆಯೊಳಗೆ ಹೋದ ಸೈನಿಕರು ಅವನ ಮಾತು ಕೇಳುತ್ತ ಕತ್ತಿ ಎತ್ತಲಾಗದೆ ತಲೆತಗ್ಗಿಸಿ ನಿಂತುಬಿಟ್ಟರು, ಅವರ ನಾಯಕನೇ ಮೇಲೆ ಬಂದು ಕೊಲ್ಲಬೇಕಾಯಿತು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಆ ವಾಗ್ಮಿಯ ಮೊಮ್ಮಗನೇ ಸಿಸೆರೊನನ್ನು ಕೊಲ್ಲಿಸಿದ ಮಾರ್ಕ್ ಆಂಟೊನಿ. ರೋಸ್ಟ್ರದ ಮೇಲಿದ್ದ ಸಿಸೆರೊನ ಅವಯವಗಳನ್ನು ನೋಡಲು ಜನರಿಗೆ ಕಣ್ಣೀರಿನಿಂದ ಕಣ್ಣೆತ್ತಲೂ ಕಷ್ಟವಾಯಿತು ಎಂದು ಲಿವಿ ಬರೆದಿದ್ದಾನೆ.

ಅಲ್ಲಿಗೆ ಜನರು ಮೂಕರಾಗಿಬಿಡಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಮರುವರ್ಷ, ಕ್ರಿ.ಪೂ. 42ರಲ್ಲಿ, ಅಧಿಕಾರ ಹಿಡಿದಿದ್ದ ಮೂವರು ಯುದ್ಧದ ಖರ್ಚಿಗಾಗಿ 1,400 ಶ್ರೀಮಂತ ಸ್ತ್ರೀಯರ ಆಸ್ತಿಯ ಮೇಲೆ ತೆರಿಗೆ ಹೇರಿದರು. ಆ ಸ್ತ್ರೀಯರ ಪರವಾಗಿ ವಾದಿಸಲು ಯಾವ ಗಂಡಸೂ ಮುಂದೆ ಬರಲಿಲ್ಲ. ಸಿಸೆರೊನ ಹಳೆಯ ಪ್ರತಿಸ್ಪರ್ಧಿ ಹೊರ್ಟೆನ್ಸಿಯಸ್‌ನ ಮಗಳು ಹೊರ್ಟೆನ್ಸಿಯ ಅವರೊಂದಿಗೆ ಫೋರಮ್ಮಿಗೆ ನಡೆದು, ಪದವಿಗಳಲ್ಲಿ, ಸೇನಾಧಿಪತ್ಯದಲ್ಲಿ, ಆಡಳಿತದಲ್ಲಿ ಯಾವುದೇ ಪಾಲಿಲ್ಲದ ನಾವು ತೆರಿಗೆಯನ್ನು ಮಾತ್ರ ಏಕೆ ಕೊಡಬೇಕು ಎಂದು ಕೇಳಿದಳು. ಮೂವರೂ ಕೆರಳಿ, ಆ ಸ್ತ್ರೀಯರನ್ನು ಓಡಿಸಲು ಸೇವಕರಿಗೆ ಆಜ್ಞಾಪಿಸಿದರು. ಆಗ ಹೊರಗೆ ನಿಂತಿದ್ದ ಗುಂಪು ಕೂಗಿತು, ಸೇವಕರು ಕೈ ತಡೆದರು. ಮರುದಿನ ಪಟ್ಟಿ 400ಕ್ಕೆ ಇಳಿಯಿತು. ಈ ಭಾಷಣವನ್ನು ಜನರು ಓದುವುದು ಹೆಂಗಸೆಂಬ ದಾಕ್ಷಿಣ್ಯದಿಂದಲ್ಲ ಎಂದು ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಕ್ವಿಂಟಿಲಿಯನ್ ಬರೆದ. ಅವನ ಕಾಲಕ್ಕೂ ಉಳಿದಿದ್ದ ಆ ಪಠ್ಯ ನಮ್ಮ ಕಾಲಕ್ಕೆ ಉಳಿಯಲಿಲ್ಲ. ಅಪ್ಪಿಯನ್ ಎಂಬ ಇತಿಹಾಸಕಾರ ತನ್ನ ಗ್ರೀಕ್‌ನಲ್ಲಿ ಬರೆದುಕೊಟ್ಟಷ್ಟೇ ನಮಗಿದೆ.

ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಜನಸಭೆಗಳು ಹೆಸರಿಗೆ ಮಾತ್ರ ಉಳಿದು, ಭಾಷಣ ಪಾಠಶಾಲೆಯನ್ನು ಹೊಕ್ಕಿತು. ಅಲ್ಲಿ ಕಲ್ಪಿತ ಮೊಕದ್ದಮೆಗಳು: ಕಡಲುಗಳ್ಳರು, ನಿರಂಕುಶ ದೊರೆಗಳು, ಆಸ್ತಿಯ ಹಕ್ಕು ಕಳೆದುಕೊಂಡ ಮಕ್ಕಳು. ಸಿಸೆರೊ ಪ್ರಾಣಭಿಕ್ಷೆಗಾಗಿ ಆಂಟೊನಿಯನ್ನು ಬೇಡಬೇಕೇ ಬೇಡವೇ ಎಂಬುದೂ ಅಭ್ಯಾಸದ ವಿಷಯವಾಯಿತು. ಹಿರಿಯ ಸೆನೆಕ ದಾಖಲಿಸಿದ ಒಂದು ಘಟನೆ ನನ್ನನ್ನು ಬಿಡದೆ ಕಾಡಿದೆ. ಪೋರ್ಸಿಯಸ್ ಲಾಟ್ರೊ ಆ ಶಾಲೆಗಳ ಅಗ್ರಗಣ್ಯ ಗುರು. ಸ್ಪೇನಿನಲ್ಲಿ ತನ್ನ ಬಂಧುವೊಬ್ಬನ ಪರವಾಗಿ ನಿಜವಾದ ನ್ಯಾಯಾಲಯದಲ್ಲಿ, ತೆರೆದ ಬಯಲಿನಲ್ಲಿ ವಾದಿಸಲು ನಿಂತ ಅವನು ಮೊದಲ ವಾಕ್ಯದಲ್ಲಿಯೇ ವ್ಯಾಕರಣ ತಪ್ಪಿ, ಗಲಿಬಿಲಿಗೊಂಡು, ಚಾವಣಿಯೂ ಗೋಡೆಯೂ ಬೇಕೆನ್ನಿಸಿ, ಕಲಾಪವನ್ನು ಕಟ್ಟಡದೊಳಕ್ಕೆ ವರ್ಗಾಯಿಸಿದ ಮೇಲಷ್ಟೇ ಸುಧಾರಿಸಿಕೊಂಡ. ಅವನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಒಪ್ಪದಿರಬಹುದಾದ ಕೇಳುಗನನ್ನು ಆ ವಿದ್ಯೆ ಎಂದೂ ಎದುರಿಸಿರಲಿಲ್ಲ.

ವೆಸ್ಪೇಸಿಯನ್ ಚಕ್ರವರ್ತಿ ಭಾಷಣ ಗುರುಗಳಿಗೆ ಖಜಾನೆಯಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ ಸಂಬಳ ಗೊತ್ತುಮಾಡಿದ. ಆ ಗುರುಗಳಲ್ಲಿ ಶ್ರೇಷ್ಠನಾದ ಕ್ವಿಂಟಿಲಿಯನ್ ಹನ್ನೆರಡು ಸಂಪುಟಗಳಲ್ಲಿ ಈ ಕಲೆಯನ್ನು ಬರೆದಿಟ್ಟ. ಟೋಗದ ಮಡಿಕೆ, ಬೆರಳುಗಳ ವಿನ್ಯಾಸ, ಕೈ ಕಣ್ಣಿಗಿಂತ ಮೇಲೇರದಿರುವುದು ಎಲ್ಲವೂ ಅದರಲ್ಲಿವೆ. ಮಕ್ಕಳನ್ನು ಹೊಡೆಯಬಾರದು ಎಂದು ಬರೆದ, ತನ್ನ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ದುಃಖವನ್ನು ಆರನೆಯ ಸಂಪುಟದ ಮೊದಲಲ್ಲಿ ತೋಡಿಕೊಂಡ ಈ ಮನುಷ್ಯನ ಮೇಲೆ ನನಗೆ ಅಪಾರ ಅಕ್ಕರೆ. ಶಾಲೆಯ ರೋಗವನ್ನು ಅವನು ಸರಿಯಾಗಿ ಗುರುತಿಸಿದ್ದ. ಮಾಂತ್ರಿಕರು, ಪಿಡುಗುಗಳು, ದೈವವಾಣಿಗಳು ತುಂಬಿದ ವಿಷಯಗಳನ್ನು ಬಿಟ್ಟು ಅಭ್ಯಾಸವನ್ನು ನಿಜವಾದ ಮೊಕದ್ದಮೆಗೆ ಹತ್ತಿರ ತರಬೇಕೆಂದ. ಸಹಪಾಠಿಯ ಪ್ರತಿ ವಾಕ್ಯಕ್ಕೂ ಜಿಗಿದೆದ್ದು ಚಪ್ಪಾಳೆ ತಟ್ಟುವ ವಿದ್ಯಾರ್ಥಿಗಳನ್ನು ತಡೆಯಬೇಕೆಂದ. ಆ ಚಪ್ಪಾಳೆ ಒಬ್ಬರಿಗೊಬ್ಬರು ತೀರಿಸುವ ಸಾಲವಾಗಿತ್ತು. ಅವನ ಶಿಷ್ಯನಾದ ಕಿರಿಯ ಪ್ಲಿನಿಯ ಕಾಲಕ್ಕೆ ಅದು ಹಣಕ್ಕೆ ದೊರೆಯುವ ಸರಕಾಯಿತು: ತನ್ನ ಇಬ್ಬರು ಸೇವಕರನ್ನು ತಲಾ ಮೂರು ದಿನಾರಿಯಸ್‌ಗೆ ನ್ಯಾಯಾಲಯದಲ್ಲಿ ಹೊಗಳಲು ಎಳೆದೊಯ್ದರೆಂದು ಅವನು ಒಂದು ಪತ್ರದಲ್ಲಿ ನೊಂದು ಬರೆಯುತ್ತಾನೆ.

ಟ್ಯಾಸಿಟಸ್ ತನ್ನ ‘ವಾಗ್ಮಿಗಳ ಕುರಿತ ಸಂವಾದ’ದಲ್ಲಿ ಈ ಅವನತಿಯ ಕಾರಣ ಹುಡುಕುತ್ತಾನೆ. ಅಲ್ಲಿ ಮಟರ್ನಸ್ ಎಂಬ ಕವಿಯ ಮಾತು: ವಾಗ್ಮಿಗೆ ಕೂಗು, ಚಪ್ಪಾಳೆ, ಒಂದು ರಂಗಮಂದಿರದಂಥದ್ದು ಬೇಕು, ಈಗಲೋ ಒಬ್ಬಿಬ್ಬರು ನಿಂತಿರುತ್ತಾರೆ, ವ್ಯಾಜ್ಯವು ನಿರ್ಜನದಲ್ಲಿ ನಡೆದಂತೆ ನಡೆಯುತ್ತದೆ. ತಿಳಿವಿಲ್ಲದ ಹಲವರ ಬದಲು ಅತ್ಯಂತ ವಿವೇಕಿಯಾದ ಒಬ್ಬನೇ ರಾಜ್ಯದ ವಿಷಯ ನಿರ್ಧರಿಸುವಾಗ ಜನಸಭೆಯ ಭಾಷಣಗಳೇಕೆ ಎಂದೂ, ಗ್ರಾಕಸ್ ಸೋದರರ ವಾಗ್ಮಿತೆಗಾಗಿ ಅವರ ಕಾನೂನುಗಳನ್ನು ಸಹಿಸುವಷ್ಟು ಬೆಲೆ ಅದಕ್ಕಿರಲಿಲ್ಲವೆಂದೂ ಅವನು ಹೇಳುತ್ತಾನೆ. ಅಂತರ್ಯುದ್ಧಗಳ ಶವಗಳನ್ನು ನೆನೆದರೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಭೂಮಿಯಿಲ್ಲದವನಿಗೆ ಭೂಮಿ ಕೇಳಿದ ಕಾನೂನನ್ನು ವಾಗ್ಮಿತೆಯ ದುಬಾರಿ ಬೆಲೆ ಎಂದು ಲೆಕ್ಕ ಹಾಕುವವನ ಕಡೆಗೆ ನಾನು ನಿಲ್ಲಲಾರೆ.

ಉಳಿದಿರುವ ಪಠ್ಯಗಳಲ್ಲಿ ಕೇಳುಗರ ಧ್ವನಿ ಸಿಕ್ಕುವ ಜಾಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸುವುದು ಕ್ರಿ.ಪೂ. 63ರಲ್ಲಿ, ಸಾಟರ್ನಿನಸ್ ಎಂಬ ಟ್ರಿಬ್ಯೂನನ ಹತ್ಯೆಯ ಹಳೆಯ ಆರೋಪ ಹೊತ್ತ ವೃದ್ಧ ರಬೀರಿಯಸ್‌ನ ಪರವಾಗಿ ಸಿಸೆರೊ ಜನರೆದುರು ಮಾಡಿದ ಭಾಷಣದಲ್ಲಿದೆ. ರಬೀರಿಯಸ್ ತನ್ನ ಕೈಯಾರೆ ಸಾಟರ್ನಿನಸ್‌ನನ್ನು ಕೊಂದನೆಂದು ಸಾರಲು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಹೇಳುತ್ತಿದ್ದಂತೆ ಗುಂಪಿನಲ್ಲಿ ಕೂಗು ಏಳುತ್ತದೆ. ಈ ಕೂಗು ನನ್ನನ್ನು ಅಲುಗಿಸುವುದಿಲ್ಲ, ತಿಳಿಯದವರು ಕೆಲವರಿದ್ದರೂ ಹೆಚ್ಚಿಲ್ಲವೆಂದು ತೋರಿಸಿ ಸಮಾಧಾನವನ್ನೇ ಕೊಡುತ್ತದೆ ಎಂದು ಸಿಸೆರೊ ಉತ್ತರಿಸಿ, ಸುಮ್ಮನಿರುವ ರೋಮನ್ ಜನತೆಯನ್ನು ತನ್ನ ಕಡೆಗೆ ಸೇರಿಸಿಕೊಂಡು, ನೋಡಿ, ಕೂಗು ಈಗಾಗಲೇ ಎಷ್ಟು ತಗ್ಗಿತು ಎನ್ನುತ್ತಾನೆ. ತನ್ನ ಕಾನ್ಸಲ್ ವರ್ಷದ ಭಾಷಣಗಳನ್ನು ಕ್ರಿ.ಪೂ. 60ರ ಹೊತ್ತಿಗೆ ಪ್ರಚಾರಕ್ಕೆ ಸಿದ್ಧಗೊಳಿಸಿದಾಗ, ತನಗೆ ಎದುರಾದ ಈ ಕೂಗನ್ನು ಅವನು ಅಳಿಸಿಹಾಕಬಹುದಿತ್ತು. ಅಳಿಸಲಿಲ್ಲ.